ಷರಾ ಕಾಲಮ್ಮಿನ ಹೆಸರು

೧೬ ಜನವರಿ ೨೦೦೮, ಬುಧವಾರ

ಸಂಕ್ರಾಂತಿಯ ಕುಸುರೆಳ್ಳು ಬಾಯಲ್ಲಿ ಕರಗುವ ಮೊದಲೇ ಬೆಂಗಳೂರಿನ ಮುಖ್ಯ ಆಫೀಸಿನವರು ನಮಗೆ ಬೇರೆ ಎಳ್ಳು ಹಂಚಿದ್ದಾರೆ. ಹಬ್ಬದ ರಜೆಯಲ್ಲಿ, ಒಂದು ಮಾತು ಹೇಳದೆ, ದೊಡ್ಡ ಸರ್ವರ್‌ನ ಬೀಗ ಬದಲಿಸಿಬಿಟ್ಟರು. ಬೆಳಿಗ್ಗೆ ಹಾವೇರಿ ಆಫೀಸಿನಲ್ಲಿ ಕಂಪ್ಯೂಟರ್ ಹಚ್ಚಿದರೆ ಪರದೆಯ ಮೇಲೆ ಒಂದೇ ಸಾಲು, ಸಂಪರ್ಕ ಸಾಧ್ಯವಿಲ್ಲ ಎಂದು. ನಾನು ಈ ಸಂಸ್ಥೆಗೆ ಸೇರಿ ಮೂರು ವರ್ಷವಾಯಿತು, ಇವರ ಬುದ್ಧಿ ಮಾತ್ರ ಬದಲಾಗಲಿಲ್ಲ.

ಆಫೀಸಿನ ಮಾತು ಹೊರಗೆ ಆಡುವುದಿಲ್ಲ ಎಂದು ಸೇರುವಾಗಲೇ ಸಹಿ ಹಾಕಿದ್ದೇನೆ. ಹೆಂಡತಿ ಅರುಣಾಳಿಗೂ ಹೇಳುವಂತಿಲ್ಲ. ಹತ್ತೊಂಬತ್ತು ವರ್ಷ ರಾಣೆಬೆನ್ನೂರಿನಲ್ಲಿ ಟೈಪಿಂಗ್ ಕ್ಲಾಸು ನಡೆಸಿ ದಿನವೂ ಬೈದು ಬೈದು ರೂಢಿಯಾದ ಬಾಯಿ ಇದು. ಆಡದಿದ್ದರೆ ಹೊಟ್ಟೆ ಉಬ್ಬುತ್ತದೆ. ಬೀಜದ ಅಂಗಡಿಯವರು ಪುಕ್ಕಟೆ ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು, ಇದಕ್ಕಾದರೂ ಹೇಳಿಕೊಳ್ಳೋಣ.

ನಮ್ಮ ಸಂಸ್ಥೆಯದು ಎಚ್‌ಐವಿ ಇರುವವರಿಗೆ ಪರೀಕ್ಷೆ ಮಾಡಿ, ಸಲಹೆ ಹೇಳಿ, ಗುಳಿಗೆ ಕೊಡುವ ಕೆಲಸ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಒಂದೊಂದು ಕೇಂದ್ರ. ಮೂರರ ದಾಖಲೆಯೂ ಬೆಂಗಳೂರಿನ ಸರ್ವರ್‌ನಲ್ಲಿದೆ. ನಮ್ಮ ಕಂಪ್ಯೂಟರುಗಳಲ್ಲಿರುವ ಪ್ರೋಗ್ರಾಂ ತಂತಿಯ ಮೇಲೆ ಅದರ ಜೊತೆ ಮಾತಾಡುತ್ತದೆ. ದಾರಿಯಲ್ಲಿ ಯಾರೂ ಓದಬಾರದೆಂದು ಮಾತನ್ನೆಲ್ಲ ಗುಪ್ತ ಅಕ್ಷರ ಮಾಡಿ ಕಳಿಸುವ ಬೀಗವೊಂದಿದೆ, ಅದಕ್ಕೆ ಎಸ್‌ಎಸ್‌ಎಲ್ ಎನ್ನುತ್ತಾರೆ. ಬೀಗದಲ್ಲಿ ಎರಡನೆಯ ಆವೃತ್ತಿ, ಮೂರನೆಯ ಆವೃತ್ತಿ, ಅದರ ಮೇಲೆ ಟಿಎಲ್‌ಎಸ್ ಎಂದು ಇನ್ನೊಂದು. ಎರಡೂ ಕಡೆಯವರು ಒಂದೇ ಆವೃತ್ತಿಗೆ ಒಪ್ಪಿದರೆ ಮಾತು, ಇಲ್ಲವಾದರೆ ಇಲ್ಲ. ಎರಡನೆಯದನ್ನು ಮುರಿಯಲು ಬರುತ್ತದಂತೆ, ಅದಕ್ಕೆ ಬೆಂಗಳೂರಿನವರು ಅದನ್ನು ಕಿತ್ತೆಸೆದಿದ್ದಾರೆ. ನಮ್ಮ ಪ್ರೋಗ್ರಾಮಿನ ಫೈಲಿನಲ್ಲಿ ಎರಡು ಎಂದೇ ಇತ್ತು. ಬರೆದವನು ನಾನೇ, ಹಿಂದೆ ಅವರೇ ಹೇಳಿದ್ದಕ್ಕೆ.

ಎರಡು ಅಳಿಸಿ ಮೂರು ಬರೆದೆ, ಹಾವೇರಿಯದು ನಡೆಯಿತು. ರಾಣೆಬೆನ್ನೂರಿನ ಕುತುಬುದ್ದೀನನಿಗೆ ಫೋನಿನಲ್ಲಿ ಹೇಳಿ ಅದನ್ನೂ ಮಾಡಿಸಿದೆ. ಬ್ಯಾಡಗಿಯದು ಮಾತ್ರ ಹಟ ಹಿಡಿದು ಕೂತಿದೆ. ನಾಳೆ ನಾನೇ ಹೋಗಬೇಕು. ಆ ಕೇಂದ್ರವೆಂದರೆ ನನಗೆ ಬೇಡ. ಹಾವೇರಿಯಲ್ಲಾದರೆ ನನಗೆ ಬೇರೆ ಖೋಲಿ ಇದೆ. ಬ್ಯಾಡಗಿಯಲ್ಲಿ ಕಂಪ್ಯೂಟರು, ಬೆಂಚು, ಆ ಮಂದಿ ಎಲ್ಲ ಒಂದೇ ಕಡೆ. ನಾನು ಡಾಟಾದವನು, ನನಗೆ ನಂಬರುಗಳು ಸಾಕು.

೧೭ ಜನವರಿ, ಗುರುವಾರ

ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಮೋಟೆಬೆನ್ನೂರಿನಲ್ಲಿ ಇಳಿದು ಬೇರೆ ಬಸ್ಸು ಹತ್ತಿದರೆ ಚೀಲಗಳ ಮೇಲೆ ಮನುಷ್ಯರು, ಮನುಷ್ಯರ ಮೇಲೆ ಚೀಲಗಳು. ಊರೆಲ್ಲ ಸೀನುತ್ತಿತ್ತು. ಕಂಪ್ಯೂಟರಿನ ಮುಚ್ಚಳ ತೆಗೆದೆ, ಫ್ಯಾನಿನ ತುಂಬ ಕೆಂಪು ಧೂಳು, ಹನ್ನೊಂದು ಸಲ ಸೀನಿದೆ.

ಅಲ್ಲಿಯ ಸಲಹೆಗಾರ್ತಿ ಜಾಹೀದಾ ಎಣಿಸುತ್ತಿದ್ದಳು.

"ಹನ್ನೊಂದಾತ್ರಿ ಸರ. ಇನ್ನೊಂದ ಸೀನ್ರಿ, ಡಜನ್ ಆಗಲಿ. ಚಹಾ ತರಸ್ಲಿ?"

"ಬ್ಯಾಡ. ಆಸಿಡಿಟಿ ಐತಿ."

ಆಸಿಡಿಟಿ ಇಲ್ಲ. ಅಲ್ಲಿ ಚಹಾ ಮಾಡುವುದು ಗುಳಿಗೆಗೆ ಬಂದ ಹೆಂಗಸರೇ. ನಾನು ಮನೆಯಿಂದ ನೀರಿನ ಬಾಟ್ಲಿ ಒಯ್ದಿದ್ದೆ.

ಬ್ಯಾಡಗಿಯ ಪ್ರೋಗ್ರಾಂ ಎಷ್ಟು ಹಳೆಯದೆಂದರೆ ಅದಕ್ಕೆ ಎರಡನೆಯ ಆವೃತ್ತಿ ಬಿಟ್ಟು ಬೇರೆ ಗೊತ್ತೇ ಇಲ್ಲ. ಬೆಂಗಳೂರಿನ ಮೇಡಂಗೆ ಫೋನ್ ಹಚ್ಚಿದೆ. "ಹೊಸ ಪ್ರೋಗ್ರಾಂ ಹಾಕ್ಬೇಕು ಸರ್, ಸಿ.ಡಿ. ಕೊರಿಯರ್ ಮಾಡ್ತೀವಿ, ಒಂದು ವಾರ ಆಗುತ್ತೆ" ಎಂದರು. ಒಂದು ವಾರ ಕಾಯಲು ಆಗುವುದಿಲ್ಲ. ಇಪ್ಪತ್ತನೇ ತಾರೀಖಿನೊಳಗೆ ಬ್ಯಾಡಗಿಯ ದಾಖಲೆ ಸರ್ವರ್‌ಗೆ ಮುಟ್ಟದಿದ್ದರೆ ಮುಂದಿನ ತಿಂಗಳ ಗುಳಿಗೆ ಇಲ್ಲಿಗೆ ಬರುವುದಿಲ್ಲ, ನಲವತ್ತೊಂದು ಮಂದಿ ಹಾವೇರಿಗೆ ಅಲೆಯಬೇಕು.

ಫೈಲಿನಲ್ಲಿ ಇನ್ನೊಂದು ಸಾಲಿದೆ. ಅದರಲ್ಲಿ 'ರಿಕ್ವೈರ್ಡ್' ಎಂದಿದ್ದರೆ ಬೀಗವಿಲ್ಲದೆ ಮಾತೇ ಇಲ್ಲ. 'ಪ್ರಿಫರ್ಡ್' ಎಂದರೆ ಬೀಗ ಕೂಡಿದರೆ ಹಾಕು, ಕೂಡದಿದ್ದರೆ ಹಾಗೇ ಮಾತಾಡು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನಾನು 'ಪ್ರಿಫರ್ಡ್' ಎಂದು ಬರೆದೆ. ತಕ್ಷಣ ಸಂಪರ್ಕ ಸಿಕ್ಕಿತು, ಬೀಗವಿಲ್ಲದೆ. ಸಿ.ಡಿ. ಬರುವ ತನಕ ನಡೆಯಲಿ. ಜಾಹೀದಾ ಚಪ್ಪಾಳೆ ತಟ್ಟಿದಳು, ನನಗೂ ಒಳಗೊಳಗೆ ಹಿಗ್ಗಾಯಿತು.

ಒಂದು ಮಾತು. ದಾಖಲೆಯಲ್ಲಿ ಹೆಸರು ಬರಬಾರದು, ನಂಬರ್ ಮಾತ್ರ ಎಂಬುದು ನಿಯಮ. ಜಾಹೀದಾ ಮಾತ್ರ ಕೊನೆಯ ಷರಾ ಕಾಲಮ್ಮಿನಲ್ಲಿ ಹೆಸರು, ಊರು, ಉದ್ಯೋಗ ಎಲ್ಲ ಬರೆಯುತ್ತಾಳೆ. ನಮ್ಮ ಕಡೆ ಬರೀ ಹೆಸರಿನಿಂದ ಯಾರ ಗುರುತೂ ಹತ್ತುವುದಿಲ್ಲ, ಹೆಸರಿನ ಹಿಂದೆ ಉದ್ಯೋಗ ಕಟ್ಟಬೇಕು. ನಂಬರ್ ಹಿಡಿದು ಕರೆದರೆ ಮಂದಿ ಸಿಟ್ಟಾಗುತ್ತಾರಂತೆ, ನಾವೇನು ದನಗಳೇನು ಎಂದು. ಹೋದ ವರ್ಷ ಅವಳು ಕೇಳಿದಾಗ "ಬರ್ಕೊಳ್ರಿ, ಕೀಲಿ ಐತೆಲ್ಲ" ಎಂದು ಬೀಗ ನಂಬಿ ಹೇಳಿದವನು ನಾನೇ.

೨೪ ಜನವರಿ, ಗುರುವಾರ

ಸಿ.ಡಿ. ಬಂದಿಲ್ಲ. ಬ್ಯಾಡಗಿಯ ಪ್ರಿಂಟರ್ ಕೆಟ್ಟಿತ್ತು, ಅದಕ್ಕೆಂದು ಹೋದೆ.

ಮೂರು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ನಂಬರ್ ೦೪೭. ಸೆರಗಿಗೆ ಒಲೆಯ ಹೊಗೆ, ಸಾರಿನ ವಾಸನೆ. ಬೆಂಚಿನ ಆ ತುದಿಯಲ್ಲಿ ಕೂತಳು. ನಾನು ಕುರ್ಚಿಯನ್ನು ಪ್ರಿಂಟರಿನ ಕಡೆ ಸರಿಸಿಕೊಂಡೆ. ಅವಳು ನೀರು ತರಲು ಹೊರಗೆ ಹೋದಾಗ ಜಾಹೀದಾ ಹೇಳಿದ್ದು: ಹೆಸರು ಫಕ್ಕೀರವ್ವ, ಬ್ಯಾಡಗಿಯಿಂದ ನಾಲ್ಕು ಮೈಲು, ——— ಊರಿನವಳು. ಅಲ್ಲಿಯ ಸಾಲಿಯಲ್ಲಿ ಬಿಸಿಯೂಟ ಮಾಡುತ್ತಾಳೆ. ಗಂಡ ಇದೇ ಬೇನೆಯಲ್ಲಿ ಹೋದ, ಊರಿನವರಿಗೆ ಕ್ಷಯ ಎಂದು ಹೇಳಿದ್ದಾರೆ. ಮಕ್ಕಳಿಲ್ಲ. ಸಾಲಿಯ ನೂರಾ ನಲವತ್ತು ಮಕ್ಕಳು ಇವಳನ್ನು ಆಯಿ ಎನ್ನುತ್ತವೆ. ಇವಳಿಗೆ ಈ ಬೇನೆ ಎಂದು ಊರಿಗೆ ಗೊತ್ತಾದರೆ ಮರುದಿನ ಅಡುಗೆಮನೆಯ ಬಾಗಿಲು ಮುಚ್ಚುತ್ತದೆ. ಅನ್ನದಿಂದ ಅಂಟುವುದಿಲ್ಲ ಎಂದು ಯಾರು ಎಷ್ಟು ಹೇಳಿದರೂ ತಾಯಂದಿರು ಕೇಳುವುದಿಲ್ಲ.

ಮರಳಿ ಬಂದು ಕೂತವಳು ನನ್ನನ್ನು ಡಾಕ್ಟರ್ ಎಂದುಕೊಂಡಿದ್ದಳು. ಜಾಹೀದಾ "ಇವರು ಕಂಪ್ಯೂಟರ್ ಮಾಸ್ತರ" ಎಂದಳು. ಆಗ ಫಕ್ಕೀರವ್ವ ಕಂಪ್ಯೂಟರನ್ನೇ ನೋಡುತ್ತ ಕೇಳಿದಳು.

"ಮಾಸ್ತರ, ಈ ಪೆಟಿಗ್ಯಾಗ ನನ್ನ ಹೆಸರ ಐತೇನ್ರಿ?"

"ಐತಿ."

"ಯಾರರ ತಗದ ನೋಡಿದ್ರ?"

"ಕೀಲಿ ಐತಿ."

"ಚಾವಿ ಯಾರ ಕೈಯಾಗ ಐತ್ರಿ?"

"ನನ್ನ ಕೈಯಾಗ."

"ಹಂಗಾರ ಚಲೋ ಆತು," ಎಂದು ಎದ್ದು ಚಹಾಕ್ಕೆ ನೀರಿಟ್ಟಳು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.

ಸಂಜೆ ಬೆಂಗಳೂರಿನ ಮೇಡಂಗೆ ಫೋನ್ ಮಾಡಿ ಸಿ.ಡಿ. ಯಾಕೆ ಬಂದಿಲ್ಲ ಎಂದು ಬಾಯಿಗೆ ಬಂದ ಹಾಗೆ ಬೈದೆ. ಅರುಣಾ ಒಳಗಿಂದ ಬಂದು ನೋಡಿದಳು. ಅಷ್ಟು ಬಯ್ಯುವ ಕಾರಣವೇನೂ ಇರಲಿಲ್ಲ.

೨೮ ಜನವರಿ, ಸೋಮವಾರ

ಸಿ.ಡಿ. ಬಂತು. ಇವತ್ತೇ ಬ್ಯಾಡಗಿಗೆ ಹೋಗಬಹುದಿತ್ತು. ತಿಂಗಳ ವರದಿ ಇತ್ತು. ಗುರುವಾರ ಹೋದರಾಯಿತು.

೩೧ ಜನವರಿ, ಗುರುವಾರ

ಏನು ಬರೆಯಲಿ. ಬೆಳಗಿನಿಂದ ಬರೆಯುತ್ತೇನೆ.

ಹನ್ನೆರಡಕ್ಕೆ ಬ್ಯಾಡಗಿ ಮುಟ್ಟಿ ಹಳೆಯ ಪ್ರೋಗ್ರಾಂ ಕಿತ್ತು ಹೊಸದು ಹಾಕತೊಡಗಿದೆ. ಆ ಮುದಿ ಯಂತ್ರ ಒಂದೊಂದು ಫೈಲಿಗೂ ಉಸಿರು ಬಿಡುತ್ತಿತ್ತು. ಎರಡೂವರೆಗೆ ಅರ್ಧ ಆಗಿತ್ತು. ಡಬ್ಬಿ ತರಲು ಮರೆತಿದ್ದೆ. ಫಕ್ಕೀರವ್ವ ಬಂದು ಜಾಹೀದಾಳಿಗೆಂದು ತಂದ ರೊಟ್ಟಿ ಬಿಚ್ಚಿದಳು, ನನ್ನ ಮುಂದೂ ಎರಡು ಇಟ್ಟಳು. ಪರದೆ ನೋಡುತ್ತ ತಿಂದೆ. ಶೇಂಗಾ ಚಟ್ನಿಗೆ ಉಪ್ಪು ತುಸು ಮುಂದಾಗಿತ್ತು. ಹಾಗೆಂದು ಹೇಳಿದೆ. "ಸಾಲಿ ಸಾರಿನ ಕೈ ರೀ, ನೂರಾ ನಲವತ್ತ ಮಂದಿ ಅಳತಿ ಕುಂತೈತಿ," ಎಂದು ನಕ್ಕಳು.

ಆಮೇಲೆ ಜಾಹೀದಾಳ ಹತ್ತಿರ ಒಂದು ಚಿಂತೆ ಹೇಳಿಕೊಂಡಳು. ಮೂರನೇ ಕ್ಲಾಸಿನ ಒಂದು ಹುಡುಗಿ, ನೀಲಾ ಅಂತ, ಮೂರು ದಿನದಿಂದ ಸಾಲಿಯಲ್ಲಿ ಉಣ್ಣುತ್ತಿಲ್ಲ, ಮನೆಯಿಂದ ಡಬ್ಬಿ ತರುತ್ತಿದೆ. "ಅದಕ್ಕ ನನ್ನ ಸಾರು ಅಂದ್ರ ಜೀವ. ಹೊಟ್ಟಿ ಬ್ಯಾನಿ ಏನರ ಹಿಡದೈತೇನೊ. ಕೇಳಿದ್ರ ನಮ್ಮಪ್ಪ ಬ್ಯಾಡ ಅಂದಾನ ಅಂತೈತಿ."

ನಾಲ್ಕಕ್ಕೆ ಪ್ರೋಗ್ರಾಂ ಕೂತಿತು. ಆವೃತ್ತಿಯ ಸಾಲಿನಲ್ಲಿ ಮೂರು ಮತ್ತು ಮೇಲೆ, ಬೀಗದ ಸಾಲಿನಲ್ಲಿ 'ರಿಕ್ವೈರ್ಡ್'. ಪರೀಕ್ಷೆ ಮಾಡಿದೆ, ಬೀಗ ಗಟ್ಟಿಯಾಗಿ ಬಿತ್ತು. ಹದಿನೈದು ದಿನದ ಭಾರ ಇಳಿಯಿತೆಂದು ಮೆಟ್ಟಿಲಿಳಿದೆ.

ಕೆಳಗಿನ ಅಂತಸ್ತಿನಲ್ಲಿ ಯಲ್ಲೇಶನ ನೆಟ್ ಸೆಂಟರ್. ಅವನು ನನ್ನ ಟೈಪಿಂಗ್ ಕ್ಲಾಸಿನ ಹಳೆಯ ವಿದ್ಯಾರ್ಥಿ. ನಮ್ಮ ಕೇಂದ್ರದ ಇಂಟರ್ನೆಟ್ಟೂ ಅವನಲ್ಲಿಂದಲೇ, ಅವನ ಮೋಡೆಮ್ಮಿನಿಂದ ಒಂದು ವೈರು ಮೇಲೆ ಬಂದಿದೆ. ಬಾಗಿಲಲ್ಲಿ ನಿಂತು ಕಾಯುತ್ತಿದ್ದ.

"ಸರ, ಒಂದ ಮಾತ. ಬೈಬ್ಯಾಡ್ರಿ." ಒಳಗೆ ಕರೆದು ಬಾಗಿಲು ಮುಂದೂಡಿದ. "ಲೈನ್ ಭಾಳ ಸ್ಲೋ ಆಗಿತ್ರಿ. ಯಾರೋ ಸಿನಿಮಾ ಇಳಸ್ಕೊಳ್ಳಾಕತ್ತಾರ ಅಂತ ವೈರ್‌ದಾಗ ಏನೇನ ಹೋಗತೈತಿ ನೋಡೋ ಒಂದು ಪ್ರೋಗ್ರಾಂ ಹಾಕಿದ್ನಿ. ನಿಮ್ಮ ಮ್ಯಾಲಿಂದೂ ಬಂತರಿ. ಹೋದ ಶುಕ್ರವಾರ."

"ಏನ ಬಂತು?"

ಅವನು ತಲೆ ತಗ್ಗಿಸಿದ. "ಬಿಸಿಯೂಟದ ಫಕ್ಕೀರವ್ವ ಅಂತ. ನಮ್ಮೂರ ಹೆಸರು. ಗುಳಿಗಿ ಹೆಸರು. ನನ್ನ ಮಗಳು ನೀಲಾ ಅಲ್ಲೇ ಉಣತಾಳ್ರಿ ಸರ."

ನಾನು ಅಲ್ಲೇ ಕುಳಿತೆ.

"ನಾ ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ. ಆ ಪ್ರೋಗ್ರಾಂ ಅವತ್ತ ತಗದ ಒಗದೇನಿ. ಆದ್ರ ನೋಡಿದ್ದನ್ನ ಹ್ಯಾಂಗ ಅಳಸ್ಲಿ? ಮಗಳಿಗೆ ಮಾತ್ರ ಡಬ್ಬಿ ಕಟ್ಟಾಕತ್ತೇನಿ."

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ಎಷ್ಟು ಸಲ ವಿದ್ಯಾರ್ಥಿಗಳಿಗೆ ಹೇಳಿದ್ದೇನೋ. ಇಪ್ಪತ್ತೆಂಟಕ್ಕೆ ಹೋಗಿದ್ದರೂ ಪ್ರಯೋಜನವಿರಲಿಲ್ಲ, ಶುಕ್ರವಾರವೇ ಹೋಗಿತ್ತು. ಇದನ್ನು ಲೆಕ್ಕ ಹಾಕಿ ಒಂದು ಕ್ಷಣ ಸಮಾಧಾನಪಟ್ಟೆ ಎಂಬುದನ್ನೂ ಬರೆಯಬೇಕು. ಹಿಂದಿನ ಪುಟದಲ್ಲಿ ಅವಳ ಊರ ಹೆಸರು ಬರೆದಿದ್ದೆ. ಮಸಿ ಬಳಿದೆ.

೨ ಫೆಬ್ರವರಿ, ಶನಿವಾರ

ಹಾವೇರಿಯಲ್ಲಿ ಮೀಟಿಂಗ್. ನಮ್ಮ ಮುಖ್ಯಸ್ಥೆ ಡಾಕ್ಟರ್ ಶೈಲಾ ಮೇಡಂ. ಬ್ಯಾಡಗಿಯ ಷರಾ ಕಾಲಮ್ಮಿನಲ್ಲಿ ಹೆಸರುಗಳಿವೆ ಎಂದು ಬೆಂಗಳೂರಿನವರು ಪತ್ರ ಬರೆದಿದ್ದಾರೆ. ಹೆಸರು ಹೊರಗೆ ಹೋದ ವಿಷಯ ಇನ್ನೂ ಯಾರಿಗೂ ಗೊತ್ತಿಲ್ಲ.

ಮೇಡಂ ಎಲ್ಲರ ಮುಂದೆ ಜಾಹೀದಾಳನ್ನು ಕೇಳಿದರು, "ಹೆಸರು ಬರಿಯಾಕ ನಿಮಗ ಯಾರು ಹೇಳಿದ್ರು?"

ಜಾಹೀದಾ ನನ್ನ ಕಡೆ ನೋಡಿದಳು. ನಾನು ಕ್ಯಾಲೆಂಡರ್ ನೋಡಿದೆ.

"ನಾನ ಬರದೇನ್ರಿ ಮೇಡಂ, ತಪ್ಪಾತು," ಎಂದಳು.



೪ ಫೆಬ್ರವರಿ, ಸೋಮವಾರ

ಆ ಸಾಲಿಯ ಹೆಡ್ ಮಾಸ್ತರರು ಮೇಡಂಗೆ ಫೋನ್ ಮಾಡಿದ್ದರು. ನೀಲಾಳ ಡಬ್ಬಿ ನೋಡಿ ಇನ್ನೂ ಆರು ಮಕ್ಕಳು ಡಬ್ಬಿ ತರುತ್ತಿವೆಯಂತೆ. ಯಾಕೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ಯಾರೋ ಅಡುಗೆಯವಳನ್ನು ನಮ್ಮ ಬ್ಯಾಡಗಿ ಕೇಂದ್ರದ ಮೆಟ್ಟಿಲ ಮೇಲೆ ನೋಡಿದ್ದಾರೆ, ಅಲ್ಲಿಂದ ಗುಸುಗುಸು ಎದ್ದಿದೆ. ಶನಿವಾರ ಸಾಲಿಯ ಕಮಿಟಿ ಕೂಡುತ್ತದೆ. "ಆಕಿ ನಿಮ್ಮ ಪಟ್ಟಿಯೊಳಗ ಇಲ್ಲ ಅಂತ ಒಂದ ಮಾತು ಹೇಳ್ರಿ, ನಾ ಎಲ್ಲಾರ ಬಾಯಿ ಮುಚ್ಚಸ್ತೇನಿ" ಎಂದರಂತೆ ಹೆಡ್ ಮಾಸ್ತರರು. ಒಳ್ಳೆಯ ಮನುಷ್ಯನೇ ಇರಬೇಕು.

ಮೇಡಂ, ನಾವು ಯಾರ ಹೆಸರಿಗೂ ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ ಎಂದು ಫೋನ್ ಇಟ್ಟರು. ನಾನು ಎದುರಿಗೇ ಇದ್ದೆ. ಒಂದು ಸುಳ್ಳು ಹೇಳಬಹುದಿತ್ತಲ್ಲ ಎಂದೆ.

"ಇವತ್ತು ಒಬ್ಬಾಕಿಗೆ ಇಲ್ಲ ಅಂದ್ರ, ನಾಳೆ ಇನ್ನೊಬ್ಬಾಕಿ ಬಗ್ಗೆ ಸುಮ್ಮನಿದ್ರ ಅದು ಹೌದು ಅಂದಂಗ ಆಗತೈತ್ರಿ ಸುಭಾಷ," ಎಂದರು. "ನಾವು ಅಲ್ಲಿಗೆ ಹೋಗಿ ತಿಳವಳಿಕಿ ಹೇಳಾಕೂ ಬರಂಗಿಲ್ಲ. ನಮ್ಮ ಜೀಪ್ ಹೋಗಿ ನಿಂತ್ರ ಆಕಿ ಹೆಸರು ನಾವ ಸಾರಿದಂಗ."

ಆಗ ಹೇಳಿದೆ. ನಿಂತುಕೊಂಡೇ ಹೇಳಿದೆ. ಜನವರಿ ಹದಿನೇಳಕ್ಕೆ ಬೀಗದ ಸಾಲು ಬದಲಿಸಿದ್ದು, ಹೆಸರು ಬರೆಯಲು ಜಾಹೀದಾಳಿಗೆ ಹೇಳಿದ್ದು, ಯಲ್ಲೇಶ ನೋಡಿದ್ದು, ಶನಿವಾರ ನಾನು ಬಾಯಿ ಬಿಡದಿದ್ದದ್ದು. ಮೇಡಂ ಬಯ್ಯಲಿಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಬರದು ಕೊಡ್ರಿ. ಬೆಂಗಳೂರಿಗೆ ಕಳಸ್ತೇನಿ, ನಿಮ್ಮ ನೌಕರಿ ಬಗ್ಗೆ ಅವರು ನೋಡ್ಲಿ. ಅದಕ್ಕೂ ಮೊದಲ ಹೇಳಬೇಕಾದಾಕಿ ಬ್ಯಾರೆ ಇದ್ದಾಳ."

ಬರೆದು ಕೊಟ್ಟೆ. ಆಮೇಲೆ ಜಾಹೀದಾಳಿಗೆ ಫೋನ್ ಮಾಡಿದೆ. "ಗೊತ್ತಿತ್ರಿ ಸರ, ಹೇಳತೀರಿ ಅಂತ. ಎರಡ ದಿನ ತಡಾ ಮಾಡಿದ್ರಿ ಅಷ್ಟ," ಎಂದಳು.

೭ ಫೆಬ್ರವರಿ, ಗುರುವಾರ

ಫಕ್ಕೀರವ್ವ ಮೂರಕ್ಕೆ ಬಂದಳು. ಜಾಹೀದಾ ಬಾಗಿಲು ಹಾಕಿಕೊಂಡು ಹೊರಗೆ ನಿಂತಳು. ದಾರಿಯುದ್ದಕ್ಕೂ ಹತ್ತು ರೀತಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ಯವ್ವಾ, ನಿಮ್ಮ ಹೆಸರು ಹೊರಗ ಬಿದ್ದೈತಿ. ಕೆಳಗಿನ ಯಲ್ಲೇಶ ನೋಡ್ಯಾನ. ಅದಕ್ಕ ನೀಲಾ ಡಬ್ಬಿ ತರತಾಳ. ತಪ್ಪು ನಂದು."

ಅವಳು ಕೈಯಲ್ಲಿದ್ದ ಗುಳಿಗೆಯ ಪೊಟ್ಟಣವನ್ನು ಬೆಂಚಿನ ಮೇಲೆ ಇಟ್ಟಳು. ಹೊರಗೆ ಬಂಡಿ ಹೋಗುವ ಸಪ್ಪಳ ಕೇಳುತ್ತಿತ್ತು.

"ನಾ ಕೂಸಿಗೆ ಹೊಟ್ಟಿ ಬ್ಯಾನಿ ಅನಕೊಂಡಿದ್ನಿ," ಎಂದಳು. "ದಿನಾ ಅದರ ತಾಟು ತಗದ ಇಡತೇನಿ. ಮನಸ್ಸ ಬದಲಾಗಿ ಬಂದ್ರ ಇರಲಿ ಅಂತ."

ಆಮೇಲೆ ಕಂಪ್ಯೂಟರಿನ ಕಡೆ ತಿರುಗಿದಳು.

"ಚಾವಿ ನನ್ನ ಕೈಯಾಗ ಐತಿ ಅಂದಿದ್ರಿ."

"ಅಂದಿದ್ನಿ."

"ಅವತ್ತ ಕೀಲಿ ಹಾಕಿರಲಿಲ್ಲೇನು?"

"ಇಲ್ಲ."

"ಗೊತ್ತಿದ್ದ ಹೇಳಿದ್ರೇನ್ರಿ ಮಾಸ್ತರ?"

"ಗೊತ್ತಿದ್ದ ಹೇಳಿದೆ."

ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಹಾಕಿದ್ದರೆ ನನಗೆ ಹಗುರಾಗುತ್ತಿತ್ತು. ಗುಳಿಗೆಯ ಪೊಟ್ಟಣ ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು, "ಯಲ್ಲೇಶಗ ಏನೂ ಅನಬ್ಯಾಡ್ರಿ. ಹಡದಾಂವ ಅಂಜತಾನ. ನನಗ ಕೂಸಿದ್ರ ನಾನೂ ಅಂಜತಿದ್ನಿ," ಎಂದು ಹೋದಳು.

ಇಳಿದು ಯಲ್ಲೇಶನ ಬಳಿ ಹೋದೆ. ಅವನು ಕಮಿಟಿಯ ಸದಸ್ಯನಂತೆ, ಅದು ನನಗೆ ಇವತ್ತು ಗೊತ್ತಾಯಿತು. ಈ ಗುಸುಗುಸು ನಿಲ್ಲಿಸುವ ಶಕ್ತಿ ಇರುವುದು ಅವನೊಬ್ಬನಿಗೆ, ಯಾಕೆಂದರೆ ಮೊದಲ ಡಬ್ಬಿ ಅವನ ಮನೆಯದು.

"ಅನ್ನದಿಂದ ಬರಂಗಿಲ್ಲ ಅಂತ ನನಗೂ ಗೊತ್ತೈತ್ರಿ ಸರ. ಇದ ಕಂಪ್ಯೂಟರ್‌ನ್ಯಾಗ ಎಲ್ಲಾ ಓದೇನಿ. ಮುಂಜಾನೆ ಡಬ್ಬಿ ಕಟ್ಟೋ ಮುಂದ ಕೈ ಕೇಳಂಗಿಲ್ಲ. ನೀವು ಆಕಿ ಕೈಯಾಗಿಂದ ಉಣತೀರೇನು? ಖರೇ ಹೇಳ್ರಿ."

ಸಿಟ್ಟಿಲ್ಲದೆ ಕೇಳಿದ. ನಾನು ಖರೇ ಹೇಳಿದೆ.

"ತಿಂಗಳ ಹಿಂದ ಅಲ್ಲಿ ಚಹಾನೂ ಕುಡೀತಿರಲಿಲ್ಲಪ. ನೀರಿನ ಬಾಟ್ಲಿ ತರತಿದ್ದೆ. ಹೋದ ಗುರುವಾರ ಎರಡ ರೊಟ್ಟಿ ತಿಂದೇನಿ. ನೀ ಕೇಳಿದ ಮ್ಯಾಲ ಈಗ ನೆನಪಾತು."

ಅವನು ನನ್ನ ಮುಖವನ್ನೇ ನೋಡಿದ. ನೀಲಾಳ ತಾಟಿನ ಮಾತು ಹೇಳಿದೆ. ಅವನ ಮೇಲೆ ಒತ್ತಾಯ ಮಾಡುವ ಹಕ್ಕು ನನಗಿಲ್ಲ ಎಂದೂ ಹೇಳಿದೆ. ಅವನು ಒಂದು ಪರದೆ ಆರಿಸಿದ, ಇನ್ನೊಂದು ಆರಿಸಿದ, ಗಿರಾಕಿ ಇರುವುದನ್ನೂ ನೋಡಲಿಲ್ಲ. "ನೋಡೋಣ್ರಿ ಸರ," ಎಂದ. ಅಷ್ಟೇ.

೮ ಫೆಬ್ರವರಿ, ಶುಕ್ರವಾರ

ಏನೂ ಸುದ್ದಿ ಇಲ್ಲ. ಕುತುಬುದ್ದೀನ ಏನೋ ಕೇಳಿದ, ಎರಡು ಸಲ ತಪ್ಪು ಹೇಳಿದೆ.

೯ ಫೆಬ್ರವರಿ, ಶನಿವಾರ

ಮಧ್ಯಾಹ್ನ ಎರಡಕ್ಕೆ ಯಲ್ಲೇಶನ ಫೋನ್ ಬಂತು. ಕಮಿಟಿ ಮುಗಿಯಿತಂತೆ. ಹೆಡ್ ಮಾಸ್ತರರು ಡಬ್ಬಿಯ ಮಾತು ಎತ್ತಿದ ಕೂಡಲೇ ಇವನೇ ಎದ್ದು ನಿಂತನಂತೆ.

"ನನ್ನ ಮಗಳಿಗೆ ಹೊಟ್ಟಿ ಕೆಟ್ಟಿತ್ತು, ಡಾಕ್ಟರ್ ಪಥ್ಯೆ ಹೇಳಿದ್ದ, ಅದಕ್ಕ ಡಬ್ಬಿ ಕಟ್ಟಿದ್ನಿ, ಉಳದವರು ಯಾಕ ಕಟ್ಟೀರಿ ನನಗ ಗೊತ್ತಿಲ್ಲ ಅಂದೇನ್ರಿ. ಒಬ್ಬರ ಮುಖ ಒಬ್ಬರು ನೋಡಿದ್ರು. ಮೀಟಿಂಗ್ ಆದಿಂದ ಅಲ್ಲೇ ಊಟಕ್ಕ ಕುಂತ್ವಿ. ನೀಲಾನ್ನ ನನ್ನ ಬಾಜೂಕ ಕುಂದರ್ಸಕೊಂಡಿದ್ನಿ."

"ಉಂಡಳೇನು?"

"ಎರಡ ಸಲ ಹಾಕಿಸ್ಕೊಂಡಳ್ರಿ." ಆಮೇಲೆ ದನಿ ತಗ್ಗಿಸಿ, "ನನಗ ಮೊದಲನೇ ತುತ್ತು ಇಳೀಲಿಲ್ಲ ಸರ. ಎರಡನೇದ್ದು ಇಳೀತು," ಎಂದ.

ಮೇಡಂಗೆ ಹೇಳಲು ಎದ್ದೆ. ಮತ್ತೆ ಕೂತುಕೊಂಡೆ. ಇಷ್ಟು ವಯಸ್ಸಾಗಿ ಆಫೀಸಿನಲ್ಲಿ ಅಳುವುದೆಂದರೆ ನಾಚಿಕೆಗೇಡು. ಯಾರೂ ನೋಡಲಿಲ್ಲ.

೧೪ ಫೆಬ್ರವರಿ, ಗುರುವಾರ

ಫಕ್ಕೀರವ್ವ ಬ್ಯಾಡಗಿ ಕೇಂದ್ರಕ್ಕೆ ಇನ್ನು ಬರುವುದಿಲ್ಲವಂತೆ. ಜಾಹೀದಾಳಿಗೆ ಹೇಳಿ ಹೋಗಿದ್ದಾಳೆ. ಆ ಮೆಟ್ಟಿಲು ಹತ್ತಲು ಭಯ, ತನ್ನ ಕಾಗದ ಹಾವೇರಿಗೆ ಕಳಿಸಿ ಎಂದಿದ್ದಾಳೆ. ನಡೆದು ಬರುತ್ತಿದ್ದವಳು ಇನ್ನು ಎರಡು ಬಸ್ಸು ಬದಲಿಸಬೇಕು. ಸಾಲಿ ಇರುವ ದಿನ ಅವಳಿಗೆ ಬರಲಾಗುವುದಿಲ್ಲ, ಭಾನುವಾರ ನಮ್ಮ ಆಫೀಸಿಲ್ಲ. ಕೆಲಸ ಉಳಿಯಿತು, ನನ್ನ ತಪ್ಪಿಗೆ ಅವಳು ದಾರಿ ಸವೆಸಬೇಕಾಯಿತು.

ತಿಂಗಳಿಗೊಂದು ಭಾನುವಾರ ಬಾಗಿಲು ನಾನು ತೆಗೆಯುತ್ತೇನೆ ಎಂದು ಮೇಡಂಗೆ ಹೇಳಿದೆ. ಅವರ ಮನೆ ಅಲ್ಲೇ ಹಿಂದಿನ ಓಣಿಯಲ್ಲಿ, ಗುಳಿಗೆ ಕೊಡಲು ಹತ್ತು ನಿಮಿಷ ಬಂದು ಹೋಗುತ್ತೇನೆ ಎಂದರು. ಬೆಂಗಳೂರಿನಿಂದ ನನ್ನ ಬಗ್ಗೆ ಉತ್ತರ ಬಂತು: ಲಿಖಿತ ಎಚ್ಚರಿಕೆ, ಇನ್ನು ಮೇಲೆ ಬೀಗದ ಸಾಲನ್ನು ನಾನೊಬ್ಬನೇ ಬದಲಿಸುವಂತಿಲ್ಲ, ಮೇಡಂ ಸಹಿ ಬೇಕು. ಮೊದಲಾಗಿದ್ದರೆ ನನಗೆ ಅವಮಾನವಾಗುತ್ತಿತ್ತು. ಸಹಿ ಪುಸ್ತಕಕ್ಕೆ ನಾನೇ ಗೆರೆ ಹೊಡೆದು ಕೊಟ್ಟೆ.

೯ ಮಾರ್ಚ್, ಭಾನುವಾರ

ಹತ್ತೂಕಾಲಿಗೆ ಫಕ್ಕೀರವ್ವ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ನೀರು ಕೊಟ್ಟೆ, ಕುಡಿದಳು. ಮೇಡಂ ಬಂದು ನಾಡಿ ನೋಡಿ, ತೂಕ ನೋಡಿ, ಗುಳಿಗೆ ಕೊಟ್ಟು ಹೋದರು. ಆ ತನಕ ಅವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆಡಬೇಕೆಂದು ನಾನು ಬಯಸುವ ಹಾಗೂ ಇರಲಿಲ್ಲ.

ಕಂಪ್ಯೂಟರಿನಲ್ಲಿ ದಾಖಲೆ ತೆಗೆದೆ. ಅವಳು ಎದ್ದು ಬಂದು ನನ್ನ ಹಿಂದೆ ನಿಂತಳು.

"ಏನ ಬರಿಯಾಕತ್ತೀರಿ?"

"ನಂಬರ್. ಸೊನ್ನಿ ನಾಕ ಏಳು."

"ಕಡೀಕ ಖಾಲಿ ಐತೆಲ್ಲ, ಅಲ್ಲಿ?"

"ಅಲ್ಲಿ ಇನ್ನ ಏನೂ ಬರಿಯಂಗಿಲ್ಲ. ಹೆಸರು, ಊರು, ಏನೂ."

ಅವಳು ಖಾಲಿ ಕಾಲಮ್ಮನ್ನು ನೋಡುತ್ತ ನಿಂತಳು. ಖುಷಿಯಾಗುತ್ತಾಳೆ ಎಂದುಕೊಂಡಿದ್ದೆ.

"ಹಂಗಾರ ನಾಳೆ ನಾ ಸತ್ತರ, ಸತ್ತಾಕಿ ಯಾರು ಅಂತ ನಿಮಗ ಹ್ಯಾಂಗ ಗೊತ್ತಾಗತೈತ್ರಿ? ನಲವತ್ತೇಳನೇ ನಂಬರ ಹೋತು, ನಲವತ್ತೆಂಟನೇದ ಕರೀರಿ ಅಂತೀರೇನು?"

ಮೂರು ವರ್ಷ ಹಾಗೇ ಅಂದವನು ನಾನು. ಕೈ ಕೀಗಳ ಮೇಲೆಯೇ ಉಳಿಯಿತು.

"ಹೆಸರ ಬರಿಬ್ಯಾಡ್ರಿ ಮಾಸ್ತರ," ಎಂದಳು. "ನೆನಪ ಇಟಗೊಳ್ರಿ."

ಆಮೇಲೆ ಮುಂದಿನ ತಿಂಗಳ ತಾರೀಖು ಕೇಳಿದಳು, ಬೆರಳಲ್ಲಿ ಎಣಿಸಿಕೊಂಡಳು, ಹನ್ನೊಂದೂವರೆಯ ಬಸ್ಸಿಗೆ ಹೋದಳು. ನಾನು ಬಸ್ ಸ್ಟ್ಯಾಂಡಿನ ತನಕ ಹೋಗಲಿಲ್ಲ. ಅವಳ ಜೊತೆ ನನ್ನನ್ನು ಕಂಡರೆ ಯಾರಾದರೂ ಅವಳನ್ನು ನಮ್ಮ ಕೇಂದ್ರಕ್ಕೆ ಬಂದವಳೆಂದು ಗುರುತಿಸಿಯಾರು.

ಮನೆಗೆ ಬಂದು ಈ ಡೈರಿಯನ್ನು ಮೊದಲಿನಿಂದ ತೆಗೆದೆ. ಇದಕ್ಕೂ ಬೀಗವಿಲ್ಲ. ಅವಳ ನಿಜವಾದ ಹೆಸರು ಎಲ್ಲೆಲ್ಲಿ ಬರೆದಿದ್ದೆನೋ ಅಲ್ಲೆಲ್ಲ ಬ್ಲೇಡಿನಿಂದ ಕೆರೆದು, ಅದರ ಮೇಲೆ ಫಕ್ಕೀರವ್ವ ಎಂದು ಬರೆದೆ. ನಮ್ಮ ಕಡೆ ಫಕ್ಕೀರವ್ವ ಎಂದರೆ ಯಾರು ಬೇಕಾದರೂ ಆಗಬಹುದು. ನಿಜವಾದದ್ದು ನನಗೆ ಗೊತ್ತಿದೆ.